ಸೋಮವಾರದ ಚಕ್ಕಡಿ

“ಇದು ವೀರನಾರಾಯಣ ದೇವರ ಗುಡಿ” ಎಂದು ಪುಂಡಲೀಕಪ್ಪ ತಾಟಿನ ನಡುವೆ ಹುರಿಗಡಲೆಯ ಒಂದು ಪುಟಾಣಿ ಇಟ್ಟ. ಅದರ ಬಲಕ್ಕೆ ಒಂದು ಶೇಂಗಾ ಇಟ್ಟು, “ಇದು ರೈಲ್ವೆ ಸ್ಟೇಶನ್ನು. ಗುಡಿ ಮುಗಿಸಿ ನೆಟ್ಟಗ ಇಲ್ಲಿಗೆ ಬರೂದು. ರೈಲು ನೋಡೂದು. ಅಲ್ಲಿಂದ ಬೆಟಗೇರಿ. ಬೆಟಗೇರಿಯಾಗ ಸೀರಿ ನೇಯೂದು ನೋಡೂದು. ಕುಂಡ್ರಾಕಿಲ್ಲ, ನಿಂತಕೊಂಡ ನೋಡೂದು” ಎಂದ.

ಬೆಟಗೇರಿ ಅಂದರೆ ಒಂದು ಜೋಳದ ಕಾಳು. ಲಕ್ಕುಂಡಿ ಒಂದು ಹೆಸರುಕಾಳು. ತಾಟಿನ ಅಂಚಿನಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಹುಣಸೆ ಬೀಜ ಪ್ರದರ್ಶನ. ರಾಜ್ಯ ಒಂದಾದ ಸಂಭ್ರಮಕ್ಕೆಂದು ಗದಗದ ಬಯಲಿನಲ್ಲಿ ಪ್ರದರ್ಶನ ಹೂಡಿದ್ದರು. ಕರೆಂಟಿನ ದೀಪ ಹಾಕಿದ ದೊಡ್ಡ ತೊಟ್ಟಿಲು ಆಕಾಶಕ್ಕೇರಿ ಇಳಿಯುತ್ತದಂತೆ. ಮರದ ಕುದುರೆಗಳು ಸುತ್ತು ಹಾಕುತ್ತವಂತೆ. ಕನ್ನಡಿ ಮನೆಯೊಳಗೆ ಹೋದವರು ಒಂದು ಕಡೆ ಕುಳ್ಳರಾಗಿ, ಇನ್ನೊಂದು ಕಡೆ ತಾಳೆಮರದಷ್ಟು ಉದ್ದವಾಗಿ ಕಾಣುತ್ತಾರಂತೆ. ಲಕ್ಷ್ಮೇಶ್ವರದ ಪೇಟೆಗೆ ಕಾಳು ತಂದ ರೈತರು ಹೇಳಿದ್ದ ಮಾತು. ಪುಂಡಲೀಕಪ್ಪ ಆ ಪೇಟೆಯಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ತೂಕ ನಡೆಯುವಾಗ ಕಿವಿ ಮಾತ್ರ ಆ ಕಡೆ ಇಟ್ಟು ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಅಷ್ಟ ಕಾಳು ಒತ್ತೊತ್ತಿ ಕುಂಡ್ರಿಸೀರಿ” ಎಂದಳು ಅವನ ಹೆಂಡತಿ ಕಳಕವ್ವ, ತಾಟಿನತ್ತ ಬಗ್ಗಿ. “ನಾವೆಲ್ಲಿ ಕುಂಡ್ರೂದು? ಬುತ್ತಿ ಬಿಚ್ಚೂದ ಯಾವ ಕಾಳಿನ ಮ್ಯಾಲ?”

“ಬುತ್ತಿ ನಡಕೋತ ತಿನ್ನಾಕ ಬರತೈತಿ.”

“ಅತ್ತೀನೂ ನಡಕೋತ ತಿಂತಾರೇನ್ರಿ?”

ಅತ್ತಿ ಎಂದರೆ ಪುಂಡಲೀಕಪ್ಪನ ತಾಯಿ ಫಕ್ಕೀರವ್ವ. ಆಕೆ ಉತ್ತರ ಕೊಡುವ ಬದಲು ಕೈ ಚಾಚಿ ನಡುವಿನ ಪುಟಾಣಿ ಎತ್ತಿ ಬಾಯಿಗೆ ಹಾಕಿಕೊಂಡಳು.

“ಯವ್ವಾ, ಗುಡಿ ತಿಂದಿಯಲ್ಲ!”

“ಮೆತ್ತಗ ಐತೋ ನಿನ್ನ ಗುಡಿ” ಎಂದು ಮುದುಕಿ ದವಡೆಯಾಡಿಸಿದಳು. ಗೋಡೆಗೆ ಒರಗಿ ಕುಳಿತಿದ್ದ ಮೊಮ್ಮಗಳು ದೇವವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಆ ನಗೆಗೇ ಈ ತಾಟು, ಈ ಕಾಳು. ದೇವವ್ವನ ಮದುವೆ ಬೇಸಿಗೆಯಲ್ಲಿ ಆಗಿತ್ತು. ಗಂಡ ಹೊಳೆಯಪ್ಪನದು ತುಂಗಭದ್ರೆಯ ಆಚೆಯ ಊರು. ಮುಂಡರಗಿ ದಾಟಿ, ಸಿಂಗಟಾಲೂರಿನಲ್ಲಿ ಹರಿಗೋಲು ಹತ್ತಿ ಹೋಗಬೇಕು. ಗೌರಿ ಹುಣ್ಣಿಮೆ ಮುಗಿದ ಮೇಲೆ ಕಳಿಸಿಕೊಡುವುದೆಂದು ಮಾತಾಗಿತ್ತು. “ಹೊಳೀ ಆಚೀಕ ಅಂದ್ರ ಏನಾತು? ಈಗ ಆಕಡೀದೂ ಈಕಡೀದೂ ಒಂದ ರಾಜ್ಯ” ಎಂದು ಪುಂಡಲೀಕಪ್ಪ ಒಂದೆರಡು ಸಲ ಹೇಳಿ ನೋಡಿದ್ದ. “ರಾಜ್ಯ ಒಂದಾದ್ರ ಹೊಳಿ ಸಣ್ಣದಾಕ್ಕೈತೇನ್ರಿ?” ಎಂದು ಕಳಕವ್ವ ಕೇಳಿದ ಮೇಲೆ ಆ ಮಾತು ಬಿಟ್ಟಿದ್ದ.

ಅವನನ್ನು ಕಾಡುತ್ತಿದ್ದುದು ಹೊಳೆಯಲ್ಲ. ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತಾಗ ಯಾರಾದರೂ ನೆಗೆಣ್ಣಿ ಕೇಳಬಹುದು: ‘ನಿಮ್ಮಪ್ಪ ನಿನಗ ಏನೇನ ತೋರಿಸ್ಯಾನ?’ ದೇವವ್ವ ಏನು ಹೇಳಬೇಕು? ಅವಳು ಏಳುವ ಮೊದಲೇ ಅವನು ಅಂಗಡಿಗೆ ಹೋಗುತ್ತಿದ್ದ. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಶಾಲೆ. ದೊಡ್ಡವನಾದ ಮೇಲೆ ಅಕ್ಷರ ಕಲಿತವನು. ಎಲ್ಲಿ ಮರೆತುಹೋಗುತ್ತದೋ ಎಂಬ ಅಂಜಿಕೆಯಿಂದ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೂ ಆ ಬೆಂಚು ಬಿಟ್ಟಿರಲಿಲ್ಲ. ಮನೆಗೆ ಬಂದಾಗ ಮಗಳು ನಿದ್ದೆಹೋಗಿರುತ್ತಿದ್ದಳು. ಹೀಗೇ ಆಕೆ ದೊಡ್ಡವಳಾಗಿದ್ದಳು. ಉಳಿದದ್ದು ಈ ಒಂದು ಪ್ರವಾಸ. ಅದರಲ್ಲಿ ಎಲ್ಲವನ್ನೂ ತುಂಬಬೇಕು.

ಮಾಲೀಕರನ್ನು ರಜೆ ಕೇಳಲು ಅವನು ಅಂಜುತ್ತಲೇ ಹೋಗಿದ್ದ. ಅವರು ಮಾತ್ರ ತಲೆ ಎತ್ತದೆ, “ಆತು, ಆಯಿತವಾರ ಸೋಮವಾರ ಹೋಗಿ ಬರ್ರಿ. ಸೋಮವಾರ ಹೆಂಗೂ ಅಂಗಡಿ ಮುಂದ ಒಂದ ಗಾಡಿ ಬರೂದಿಲ್ಲ. ಮಂಗಳವಾರ ಸಂಜಿಗೆ ಮಾತ್ರ ಇಲ್ಲಿರಬೇಕು” ಎಂದಿದ್ದರು. ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದು ಅವನು ದಾರಿಯುದ್ದಕ್ಕೂ ಹಿಗ್ಗಿದ್ದ.

“ನಿನಗ ಯಾವುದು ಬೇಕವ್ವಾ?” ಎಂದು ಈಗ ಮಗಳನ್ನು ಕೇಳಿದ. “ಹೇಳು. ಇನ್ನೊಂದ ಕಾಳು ಇಡೂಣು.”

ದೇವವ್ವ ಹುಣಸೆ ಬೀಜವನ್ನು ನೋಡುತ್ತಿದ್ದಳು. “ತೊಟ್ಟಿಲು ಮ್ಯಾಲ ಹೋದಾಗ ಏನ ಕಾಣತೈತಪ್ಪಾ?”

ಅವನಿಗೆ ಗೊತ್ತಿರಲಿಲ್ಲ. ತಾನು ಯಾವತ್ತೂ ಹತ್ತಿದವನಲ್ಲ. “ಎಲ್ಲಾ ಕಾಣತೈತಿ” ಎಂದ. ಆಮೇಲೆ ಅದು ಸುಳ್ಳಾದರೆ ಎಂದು ಹೆದರಿ, “ಕಾಣತೈತಂತ” ಎಂದು ತಿದ್ದಿಕೊಂಡ.

*

ಫಕ್ಕೀರವ್ವನಿಗೆ ಮೋಟಾರಿನ ವಾಸನೆ ಆಗುತ್ತಿರಲಿಲ್ಲ; ಹತ್ತಿದ ಕೂಡಲೇ ಹೊಟ್ಟೆ ತೊಳಸುತ್ತಿತ್ತು. ಅದಕ್ಕೇ ಪುಂಡಲೀಕಪ್ಪನ ಅಣ್ಣನ ಚಕ್ಕಡಿ. ಅಣ್ಣ ಹುಲಗಪ್ಪ ಶಿರಹಟ್ಟಿಯ ಈಚೆಯ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ. ಶನಿವಾರ ಸಂಜೆ ಎಲ್ಲರೂ ಅವನ ಮನೆ ಸೇರಿದರು. ಆಯಿತವಾರ ಬೆಳ್ಳಿ ಮೂಡುವ ಹೊತ್ತಿಗೆ ಪುಂಡಲೀಕಪ್ಪ ಗಂಟುಗಳನ್ನು ಏರಿಸಿ ಆಗಿತ್ತು: ಹಾಸಿಗೆಯ ಸುರುಳಿ, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನೀರಿನ ಗಡಿಗೆ, ಕಂದೀಲು, ಮಳೆ ಬಂದರೆ ಎಂದು ಗೋಣಿಚೀಲದ ಕೊಪ್ಪೆ, ಜ್ವರ ಬಂದರೆ ಎಂದು ಒಣಶುಂಠಿ.

ಹುಲಗಪ್ಪ ಎತ್ತು ಹೂಡಿ ನೊಗಕ್ಕೆ ಕೈ ಹಚ್ಚಿ ನೋಡಿದ. “ಲೇ ಪುಂಡ್ಲೀಕಾ, ಹಿಂಬಾರ ಆಗೇತಿ. ಹಿಂದಷ್ಟು ಹೇರಿದ್ರ ನೊಗ ಮ್ಯಾಲ ಏಳತೈತಿ, ಎತ್ತಿನ ಕುತ್ತಿಗಿಗೆ ಉರುಲ ಬೀಳತೈತಿ. ಅವನ್ನ ಗದಗಿಗೆ ಕರಕೊಂಡ ಹೊಂಟೀಯೋ, ಮ್ಯಾಲಕ್ಕ ಕಳಸಾಕ ಹೊಂಟೀಯೋ?”

“ಎಲ್ಲಾ ಬೇಕಾಗತೈತಿ ಅಣ್ಣಾ.”

“ಮಳೀನೂ ಬೇಕಾಗತೈತೇನು? ಕಾರ್ತೀಕದಾಗ?”

ಗಂಟುಗಳು ಮುಂದೆ ಸರಿದವು. ಫಕ್ಕೀರವ್ವ ಅವುಗಳ ಮೇಲೆಯೇ ಕುಳಿತಳು. ನೊಗ ಎತ್ತುಗಳ ಹೆಗಲಿಗೆ ಕುಳಿತಿತು, ಚಕ್ಕಡಿ ಹೊರಟಿತು.

ಮೊದಲ ಕಾಳು ಶಿರಹಟ್ಟಿಯಲ್ಲಿಯೇ ಉರುಳಿತು. ಮಠದ ಮುಂದೆ ಗಾಡಿಯಿಂದಿಳಿಯದೆ ಕೈಮುಗಿದು ಸಾಗುವುದೆಂದು ಪುಂಡಲೀಕಪ್ಪ ಲೆಕ್ಕ ಹಾಕಿದ್ದ. ಫಕೀರೇಶ್ವರನ ಹೆಸರು ಹೊತ್ತ ಅವನ ತಾಯಿ ಅದನ್ನು ಕೇಳಿ ಕಣ್ಣು ಕೆಂಪು ಮಾಡಿದಳು. “ಗಾಡ್ಯಾಗಿಂದ ಕೈ ಮುಗಿಯಾಕ ಅಂವ ನಿನ್ನ ಅಂಗಡಿ ಮಾಲೀಕನೇನೋ?” ಎಂದು ಇಳಿದು ಒಳಗೆ ಹೋದವಳು, ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ಕುಳಿತಳು. ದೇವವ್ವ ಪಕ್ಕದಲ್ಲಿ ಕುಳಿತಳು. ಹೊರಗೆ ಪುಂಡಲೀಕಪ್ಪ ಕಟ್ಟೆಯಿಂದ ಕಟ್ಟೆಗೆ ನಡೆದಾಡಿದ. ಅವರು ಬಂದಾಗ ಬಿಸಿಲು ಗೋಡೆಯಿಂದ ಅಂಗಳಕ್ಕೆ ಇಳಿದಿತ್ತು.

ಶಿರಹಟ್ಟಿ ಬಿಟ್ಟ ಮೇಲೆ ಗಾಲಿ ಮಾತಾಡಲು ಶುರುಮಾಡಿತು. ಮೊದಲು ಟಕ್ ಟಕ್ ಎಂದು, ಆಮೇಲೆ ಹಲ್ಲು ಕಡಿದಂತೆ. ಹುಲಗಪ್ಪ ಇಳಿದು ಬಗ್ಗಿ ನೋಡಿದ. ಬಲಗಾಲಿಯ ಮರ ಒಣಗಿ ಸಣ್ಣದಾಗಿ, ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗಿತ್ತು. ಎರಡು ಬೆಣೆ ಬಡಿದ. ಒಂದಿಷ್ಟು ದೂರ ಹೋಗಿ ಮತ್ತೆ ಬಡಿದ. ಆಮೇಲೆ ಗಾಡಿಯ ಜೊತೆಗೇ ನಡೆಯತೊಡಗಿದ, ಬೇನೆಬಿದ್ದವರ ಮಂಚದ ಪಕ್ಕ ನಡೆದಂತೆ.

“ಮೊದಲ ನೋಡಬೇಕಿತ್ತಲ್ಲ ಅಣ್ಣಾ.”

“ನೀ ಮೊದಲ ಹೇಳಬೇಕಿತ್ತು. ಎರಡ ದಿನ ಮುಂಚೇಕ ಹೇಳಿದ್ರ ಗಾಲಿ ಹೊಂಡದಾಗ ಇಳಿಬಿಡತಿದ್ದೆ. ನೀ ನಿನ್ನಿ ಸಂಜಿಗೆ ಬಂದಿ, ನಸುಕಿನ್ಯಾಗ ಹೊಂಟಿ. ಎಲ್ಲಾದಕ್ಕೂ ಒಂದೊಂದ ಕಾಳ ಇಟ್ಟಿದ್ದೀಯಂತ, ಕಳಕವ್ವ ಹೇಳಿದ್ಲು. ಗಾಲಿಗೆ ಯಾವ ಕಾಳ ಇಟ್ಟಿದ್ದಿ?”

ಪುಂಡಲೀಕಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ. ಎಡಕ್ಕೆ ಎರೆಹೊಲಗಳು ಕರ್ರಗೆ ಮಲಗಿದ್ದವು, ಬಲಕ್ಕೆ ದೂರದಲ್ಲಿ ಕಪ್ಪತಗುಡ್ಡ ಹೊಗೆಯಲ್ಲಿ ಬರೆದಂತೆ ಇತ್ತು. ಎಷ್ಟು ನಡೆದರೂ ಆ ಗುಡ್ಡ ಅಲ್ಲೇ ಇತ್ತು. ಅವನ ಮನಸ್ಸಿನೊಳಗಿನ ತಾಟಿನಿಂದ ರೈಲ್ವೆ ಸ್ಟೇಶನ್ನು ಹೋಯಿತು, ಗುಡಿ ನಾಳೆಗೆ ಹೋಯಿತು. ನಾಳೆ ಬೆಳಗ್ಗೆ ಬೆಟಗೇರಿಯನ್ನೂ ಗುಡಿಯನ್ನೂ ಒಟ್ಟಿಗೆ ಮಾಡಬಹುದು, ಲಕ್ಕುಂಡಿ ಬಿಡಬಹುದು, ಸಂಜೆಗೆ ಪ್ರದರ್ಶನ. ಅದರ ಕಡೆಯ ದಿನ ನಾಳೆಯೇ. ಇನ್ನೂ ಆಗುತ್ತದೆ.

ಗದಗು ಇನ್ನು ಒಂದೂವರೆ ಹರದಾರಿ ಎನ್ನುವಾಗ ರಸ್ತೆಯ ಬದಿಗೆ ಒಂದು ಕೆರೆ ಬಂತು. ಹೊತ್ತು ಇಳಿಯುತ್ತಿತ್ತು. ಹುಲಗಪ್ಪ ಏರಿಯ ಕೆಳಗೆ ಗಾಡಿ ನಿಲ್ಲಿಸಿ, ಅಚ್ಚಿಗೆ ಕಲ್ಲು ಕೊಟ್ಟು, ಗಾಲಿ ಕಳಚಿದ. ಅಣ್ಣತಮ್ಮ ಇಬ್ಬರೂ ಉರುಳಿಸಿಕೊಂಡು ಹೋಗಿ ನೀರಿಗೆ ಬಿಟ್ಟರು. ಗಾಲಿ ಒಂದು ಸಲ ಗುಳುಗುಳು ಎಂದು ಅಡ್ಡ ಮಲಗಿತು.

“ಎಷ್ಟ ಹೊತ್ತು ಬೇಕು?”

“ಮರ ನೀರ ಕುಡದು ಉಬ್ಬಬೇಕು. ಜಲ್ದಿ ಕುಡಿ ಅಂದ್ರ ಕೇಳೂದಿಲ್ಲ.”

“ಆತು, ರಾತ್ರಿ ಇಲ್ಲೇ ಮಲಗಿ ನಸುಕಿನ್ಯಾಗ ಗಾಲಿ ಹಾಕಿ ಹೊಂಟುಬಿಟ್ರ…”

ಎತ್ತುಗಳ ಕೊರಳ ಹಗ್ಗ ಬಿಚ್ಚುತ್ತಿದ್ದ ಹುಲಗಪ್ಪ ತಿರುಗಿ ನೋಡಿದ. ತಮ್ಮ ಚೇಷ್ಟೆ ಮಾಡುತ್ತಿದ್ದಾನೋ ಎಂಬಂತೆ ಒಂದು ಕ್ಷಣ ನೋಡಿದ. “ನಾಳಿ ಸೋಮವಾರಲೇ.”

ಪುಂಡಲೀಕಪ್ಪನಿಗೆ ಆಗ ಹೊಳೆಯಿತು. ಸೋಮವಾರ ಬಸವಣ್ಣನ ದಿನ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವರಪ್ಪ ಇಟ್ಟಿರಲಿಲ್ಲ, ಅಜ್ಜ ಇಟ್ಟಿರಲಿಲ್ಲ. ಈ ಸೀಮೆಯಲ್ಲಿ ಯಾರೂ ಇಡುವುದಿಲ್ಲ. ಸಣ್ಣವನಿದ್ದಾಗ ಸೋಮವಾರ ಎತ್ತುಗಳ ಮೈತೊಳೆದು ಕೊಂಬಿಗೆ ಎಣ್ಣೆ ಹಚ್ಚುತ್ತಿದ್ದವನು ತಾನೇ. ಸೋಮವಾರ ಅಂಗಡಿಯ ಮುಂದೆ ಒಂದೂ ಗಾಡಿ ಬರುವುದಿಲ್ಲ ಎಂದು ಇಷ್ಟು ವರ್ಷ ನೋಡಿದವನೂ ತಾನೇ. ಯಾಕೆ ಬರುವುದಿಲ್ಲ ಎಂಬುದು ಮಾತ್ರ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಯಾವ ಕಾರಣಕ್ಕೆ ರಜೆ ಸಿಕ್ಕಿತೋ ಅದೇ ಕಾರಣ ಈಗ ಅವನನ್ನು ಕೆರೆಯ ದಂಡೆಯಲ್ಲಿ ಕಟ್ಟಿಹಾಕಿತ್ತು.

“ಗದಗಿನ್ಯಾಗ ಎತ್ತಿಗೆ ಒಂದ ದಿನ ಆರಾಮ ಸಿಗತೈತಿ ಅಂತ ನಾ ತಿಳಿದಿದ್ದೆ” ಎಂದ ಹುಲಗಪ್ಪ, ದನಿ ತಗ್ಗಿಸಿ. “ನೀ ಅವನ್ನ ಲಕ್ಕುಂಡಿಗೆ ಹೊಡೀಬೇಕು ಅಂದಿದ್ದೇನು?”

ಪುಂಡಲೀಕಪ್ಪ ಚಕ್ಕಡಿಯ ಕಡೆ ನೋಡಿದ. ದೇವವ್ವ ಒಲೆಗೆ ಕಲ್ಲು ಹೂಡುತ್ತಿದ್ದಳು.

*

ಸೋಮವಾರ ಬೆಳಗಾಯಿತು. ಅವನು ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು ಕುಳಿತ. ಎಲ್ಲಿಗೂ ಹೋಗುವುದಿರಲಿಲ್ಲ.

ಕೆರೆಯ ಮೇಲೆ ಹಬೆ ಎದ್ದಿತ್ತು. ನೀರಿನ ಕೆಳಗೆ ಗಾಲಿ ಕಾಣುತ್ತಿತ್ತು. ಅದರ ಅರಗಳ ನಡುವೆ ಸಣ್ಣ ಮೀನುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಂತೆ ಹೋಗಿ ಬರುತ್ತಿದ್ದವು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಗಾಲಿ ನೀರು ಕುಡಿಯುವ ಸದ್ದು ಕೇಳುತ್ತದೋ ಎಂದು ಕಿವಿ ಕೊಟ್ಟ. ಏರಿಯ ಆಚೆ ಒಂದು ಲಾವಕ್ಕಿ ಕೂಗಿತು, ಸುಮ್ಮನಾಯಿತು.

ಹೊತ್ತೇರಿದ ಮೇಲೆ ಹುಲಗಪ್ಪ ಎತ್ತುಗಳನ್ನು ನೀರಿಗಿಳಿಸಿ ಮೈಯುಜ್ಜಿದ. ಹಣೆಗೆ ಭಸ್ಮ ಹಚ್ಚಿ, ಎರಡೂ ಎತ್ತಿಗೆ ಒಂದೊಂದು ರೊಟ್ಟಿ ತಿನ್ನಿಸಿದ. ಫಕ್ಕೀರವ್ವ ಮೊಮ್ಮಗಳ ತಲೆ ಬಿಚ್ಚಿ ಎಣ್ಣೆ ಹಚ್ಚುತ್ತ, ಪ್ರತಿ ಸಿಕ್ಕಿಗೂ ಒಬ್ಬೊಬ್ಬ ನೆಂಟರ ಹೆಸರು ಹಿಡಿದು ಬಯ್ದಳು. ಕಳಕವ್ವ ನೀರಿನಲ್ಲಿ ಕಾಲಿಳಿಬಿಟ್ಟು ಕಲ್ಲಿನ ಮೇಲೆ ಕುಳಿತಿದ್ದಳು. ಒಗೆಯುತ್ತಿರಲಿಲ್ಲ, ಬೆಳಗುತ್ತಿರಲಿಲ್ಲ. ಹೆಂಡತಿಯ ಕೈ ಖಾಲಿಯಾಗಿದ್ದುದನ್ನು ಅವನು ಯಾವತ್ತೂ ನೋಡಿದಂತಿರಲಿಲ್ಲ. ಏನಾಗಿದೆಯೆಂದು ಕೇಳಲು ಹತ್ತಿರ ಹೋದ.

“ಏನ ಆಗಿಲ್ಲ. ಕುಂಡ್ರಿ” ಎಂದಳು ಆಕೆ, ಪಕ್ಕದ ಕಲ್ಲು ತೋರಿಸಿ.

ಅವನು ಕುಳಿತ. ಕುಳಿತ ಮೇಲೆ ಮತ್ತೆ ಲೆಕ್ಕ ಶುರುವಾಯಿತು. “ಆಕಿ ಏನೂ ನೋಡಲಿಲ್ಲ ನೋಡು. ಇಲ್ಲೀತನಕ ಬಂದು.”

ಕಳಕವ್ವ ನೀರನ್ನು ಕಾಲಿನಿಂದ ಕಲಕಿದಳು. “ಶಿರಹಟ್ಟಿ ಮೋಟಾರ ಇಳಿಹೊತ್ತಿಗೆ ಹಾದು ಹೊಕ್ಕೈತಿ. ನೀವಿಬ್ಬರ ಹೋಗಿ ಬರ್ರಿ. ತೊಟ್ಟಿಲಾಗ ಕುಂಡ್ರಿಸ್ರಿ. ರಾತ್ರಿ ಧರ್ಮಶಾಲಿಯಾಗ ಇದ್ದು ನಾಳಿ ಮುಂಜಾನಿ ಮೋಟಾರಿಗೆ ಬಂದುಬಿಡ್ರಿ. ನಾವೆಲ್ಲಿ ಹೋಗತೀವಿ, ಇಲ್ಲೇ ಇರತೀವಿ.”

ಅವನಿಗೆ ಜೀವ ಬಂದಂತಾಯಿತು. ಎಲ್ಲ ಕಾಳು ಹೋಗಿ ಹುಣಸೆ ಬೀಜ ಒಂದು ಉಳಿದಿತ್ತು, ಅದು ಸಾಕು. ಉಂಡ ಕೂಡಲೇ ದೇವವ್ವನಿಗೆ ಹೊಸ ಇಳಕಲ್ಲ ಸೀರೆ ಉಡಲು ಹೇಳಿದ. ಮೋಟಾರು ಬರಲು ಇನ್ನೂ ಹೊತ್ತಿದ್ದಾಗಲೇ ಅಪ್ಪ ಮಗಳು ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಹೋಗಿ ಕುಳಿತರು.

ನೆರಳು ತೆಳ್ಳಗಿತ್ತು. ಬಿಸಿಲಿನಲ್ಲಿ ರಸ್ತೆಯ ಧೂಳು ನೀರಿನಂತೆ ಹೊಳೆಯುತ್ತಿತ್ತು. ಪುಂಡಲೀಕಪ್ಪ ಮಗಳಿಗೆ ಎಲ್ಲವನ್ನೂ ಸಾಲಾಗಿ ಹೇಳತೊಡಗಿದ: ಇಳಿದ ಕೂಡಲೇ ಏನು ಮಾಡುವುದು, ಬಾಗಿಲಲ್ಲಿ ಕೈ ಬಿಡದೆ ಹೇಗೆ ನಡೆಯುವುದು, ಮೊದಲು ತೊಟ್ಟಿಲೋ ಕನ್ನಡಿ ಮನೆಯೋ. ತೊಟ್ಟಿಲಿಗೇ ಮೊದಲು ಹೋಗುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಮಂದಿ ಹೆಚ್ಚಾಗುತ್ತಾರೆ. ಆದರೆ ಕತ್ತಲಾದ ಮೇಲೆ ದೀಪ ಚೆಂದ. ಹಾಗಾದರೆ ಕನ್ನಡಿ ಮನೆ ಮೊದಲು. “ನೀ ಏನಂತೀ?” ಎಂದು ಕೇಳಿದ. ತಿರುಗಿ ನೋಡಿದ. ದೇವವ್ವ ಬೇವಿನ ಬೊಡ್ಡೆಗೆ ಒರಗಿ ತೂಕಡಿಸುತ್ತಿದ್ದಳು. ನೋಡುತ್ತಿದ್ದಂತೆ ಆಕೆಯ ತಲೆ ಜಾರಿ ಅವನ ತೋಳಿಗೆ ಬಂತು. ತೋಳಿನಿಂದ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು.

ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎಣ್ಣೆಯ ವಾಸನೆ, ಬಿಸಿಲಿನ ವಾಸನೆ. ಆಕೆಯ ಕಿವಿಯ ಹಿಂದೆ ಎಳ್ಳುಕಾಳಿನಷ್ಟು ಒಂದು ಮಚ್ಚೆಯಿತ್ತು. ಅದು ಹುಟ್ಟಿದಾಗಿನಿಂದ ಇದ್ದದ್ದೇ ಇರಬೇಕು. ಅವನು ಅದನ್ನು ಈಗ ನೋಡಿದ.

ಮೋಟಾರು ದೂರದಲ್ಲಿ ಧೂಳಾಗಿ ಹುಟ್ಟಿ, ಆಮೇಲೆ ಸದ್ದಾಗಿ, ಕಡೆಗೆ ಮೋಟಾರಾಗಿ ಬಂತು. ಏಳಬೇಕು. ಮೊದಲು ಎಬ್ಬಿಸಬೇಕು. ಅವನ ಕೈ ಮಗಳ ಭುಜದ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಂತಿತು.

ಗಾಡಿ ತಾನಾಗಿಯೇ ನಿಧಾನವಾಯಿತು. ಕಂಡಕ್ಟರ್ ಹೊರಗೆ ಜೋತುಬಿದ್ದು, “ಬರತೀರೇನ್ರಿ ಯಜಮಾನ್ರ? ಪ್ರದರ್ಶನಾ ಇವತ್ತ ಕಡೀ ದಿನ!” ಎಂದು ಕೂಗಿದ.

ಪುಂಡಲೀಕಪ್ಪ ತುಟಿಯ ಮೇಲೆ ಬೆರಳಿಟ್ಟ.

ಕಂಡಕ್ಟರ್ ಬಗ್ಗಿ ನೋಡಿ, “ಓಹೋ” ಎಂದ. “ಮಲಗಿಸ್ರಿ, ಮಲಗಿಸ್ರಿ. ಸಿಂಗಾರ ಮಾಡಕೊಂಡ ಮಲಗಾಕ ಗದಗಿಗ್ಯಾಕ ಬರಬೇಕು!” ಒಳಗಿನಿಂದ ಯಾರೋ ನಕ್ಕರು. ಗಂಟೆ ಬಡಿಯಿತು. ಮೋಟಾರು ತನ್ನ ಧೂಳನ್ನು ಹಿಂದೆ ಬಿಟ್ಟು ಹೋಯಿತು. ಆ ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಎಬ್ಬಿಸಬೇಕಾಗಿತ್ತೇನೋ ಎಂದು ಅವನಿಗೆ ಆಗಲೇ ಅನ್ನಿಸತೊಡಗಿತ್ತು. ಎದ್ದ ಮೇಲೆ ಏನು ಹೇಳುವುದು? ಮೋಟಾರು ಬರಲೇ ಇಲ್ಲ ಎನ್ನುವುದೇ?

“ಹೋತೇನಪ್ಪಾ?” ಎಂದಳು ದೇವವ್ವ, ಕಣ್ಣು ತೆರೆಯದೆ.

“ಹೋತವ್ವಾ.”

“ಆತ ಬಿಡು” ಎಂದು ಆಕೆ ಕೆನ್ನೆಯ ಕೆಳಗೆ ಕೈ ಮಡಚಿ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಉಸಿರು ಮತ್ತೆ ಭಾರವಾಯಿತು. ನೆರಳು ಸರಿದು ಬಿಸಿಲು ಅವನ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಕಾಲು ಜೋಮು ಹಿಡಿದು ತನ್ನದಲ್ಲವೆನಿಸಿತು. ಅವನು ಅಲ್ಲಾಡಲಿಲ್ಲ.

*

ಶೇಂಗಾ ಕೀಳುವ ಹೆಂಗಸರು ಮನೆಗೆ ಮರಳುವ ಹೊತ್ತಿಗೆ ಅಣ್ಣತಮ್ಮ ಗಾಲಿಯನ್ನು ನೀರಿನಿಂದ ಎತ್ತಿದರು. ಹುಲಗಪ್ಪ ಗೆಣ್ಣಿನಿಂದ ಬಡಿದ; ಹಳಿ ಮರವನ್ನು ಕಚ್ಚಿ ಹಿಡಿದಿತ್ತು. ಅಚ್ಚಿಗೆ ಏರಿಸಿ ಒಂದು ಸಲ ತಿರುಗಿಸಿದ. ಸದ್ದಿಲ್ಲದೆ ತಿರುಗಿತು, ನೀರಿನ ಹನಿಗಳು ಸುತ್ತಲೂ ಚಿಮ್ಮಿ ಫಕ್ಕೀರವ್ವನ ಮುಖಕ್ಕೆ ಬಿದ್ದವು.

ಹೆಂಗಸರ ಗುಂಪಿನಲ್ಲಿ ಹಿಂದುಳಿದು ಬಂದ ಒಬ್ಬಾಕೆ ಏರಿಯ ಮೇಲೆ ನಿಂತು ನೋಡಿದಳು. “ಯವ್ವ, ಪ್ಯಾಟಿಗೆ ಹೊಂಟವ್ರು ಇಲ್ಲೇ ಸಂಸಾರ ಹೂಡೀರೆಲ್ಲ!” ಬಾನುಬಿ ಎಂದು ಹೆಸರು ಹೇಳಿದಳು. ಉಡಿಯಲ್ಲಿದ್ದ ಹಸಿ ಶೇಂಗಾ ಕಳಕವ್ವನ ಸೆರಗಿಗೆ ಸುರಿದಳು. ಪ್ರದರ್ಶನ ನೋಡಬೇಕೆಂದು ಬಂದವರು ಸೋಮವಾರಕ್ಕೆ ಸಿಕ್ಕಿಬಿದ್ದ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, “ಇಲ್ಲಿಂದನೂ ಕಾಣತೈತ್ರಿ ಅದು. ಈ ಏರಿ ಮ್ಯಾಲ ನಿಂತ್ರ ಆ ಜಾಲಿಗಿಡದ ಹಿಂದ ಬರೇ ಬೆಳಕ ಕಾಣತೈತಿ. ತೊಟ್ಟಿಲ ಕಾಣಬೇಕಂದ್ರ ಇನ್ನೂ ಎರಡಾಳ ಎತ್ತರ ಬೇಕು. ನಮ್ಮ ಹುಡುಗೂರು ಹೊಟ್ಟಿನ ಬಣವಿ ಏರಿ ನೋಡ್ಯಾವು” ಎಂದು ಹೇಳಿ, ತಲೆಯ ಮೇಲೆ ಬುಟ್ಟಿ ಸರಿಮಾಡಿಕೊಂಡು ಹೊರಟಳು.

ಎಲ್ಲರೂ ಏರಿ ಹತ್ತಿದರು. ಹೊತ್ತು ಮುಳುಗಿತ್ತು. ಬಡಗಣ ದಿಕ್ಕಿನಲ್ಲಿ ಜಾಲಿಗಳ ಕಪ್ಪು ಗೆರೆಯ ಹಿಂದೆ, ಯಾರೋ ಬ್ಯಾಟರಿಗೆ ಬಟ್ಟೆ ಮುಚ್ಚಿದಂತೆ ಒಂದು ಮಂಕು ಬೆಳಕು. ಅಷ್ಟೇ. ಪುಂಡಲೀಕಪ್ಪ ತುದಿಗಾಲಿನ ಮೇಲೆ ನಿಂತ. ದೇವವ್ವನೂ ನಿಂತಳು. ಇಬ್ಬರೂ ಹಿಮ್ಮಡಿ ಇಳಿಸಿದರು.

ಹುಲಗಪ್ಪ ಗಡ್ಡ ಕೆರೆದುಕೊಂಡ. ಆಮೇಲೆ ತಮ್ಮನನ್ನೂ ಚಕ್ಕಡಿಯನ್ನೂ ನೋಡಿ ಹಲ್ಲು ಬಿಟ್ಟ. “ಲೇ ಪುಂಡ್ಲೀಕಾ. ನೆನಪೈತೇನು? ಅಪ್ಪ ಸಂತಿಗೆ ಹೋದಾಗ?”

ಪುಂಡಲೀಕಪ್ಪನಿಗೆ ನೆನಪಾಯಿತು. ನೊಗ ಕಟ್ಟುವ ಉದ್ದ ಮರ ಮೂಕಿಯ ತುದಿಗೆ ಒಬ್ಬ, ಉಳಿದವರೆಲ್ಲ ಗಾಡಿಯ ಹಿಂದಕ್ಕೆ; ಆಗ ಮೂಕಿಯವನು ಮೇಲೇಳುತ್ತಿದ್ದ. ಅವನ ಮುಖದಲ್ಲಿ ಏನೋ ಸಡಿಲಾಯಿತು.

ಇಬ್ಬರೂ ಚಕ್ಕಡಿಯನ್ನು ಏರಿಯ ಮೇಲಕ್ಕೆ ತಳ್ಳಿ ತಂದರು. ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟರು. ಮೂಕಿಯ ತುದಿ, ಎತ್ತುಗಳಿರಬೇಕಾದ ಜಾಗದಲ್ಲಿ, ನೆಲಕ್ಕೆ ಬಾಗಿತ್ತು.

“ಹೆಣ್ಮಗಳು ನೊಗದ ಮ್ಯಾಲ ಕುಂಡ್ರಬಾರದು” ಎಂದಳು ಫಕ್ಕೀರವ್ವ.

“ನೊಗ ಎಲ್ಲೈತಬೇ?” ಹುಲಗಪ್ಪ ಹಗ್ಗ ಬಿಚ್ಚಿ ನೊಗವನ್ನು ತೆಗೆದು, ಮೆಲುಕು ಹಾಕುತ್ತ ಮಲಗಿದ್ದ ಎತ್ತುಗಳ ಪಕ್ಕ ಇಟ್ಟು ಬಂದ. “ಇವತ್ತ ಅದಕ್ಕೂ ಸೂಟಿ. ಬಾ ಮಗಳ, ಏರು.”

ದೇವವ್ವ ಸೀರೆ ಬಿಗಿದು ಮೂಕಿಯ ತುದಿಯಲ್ಲಿ ಅಡ್ಡಗಾಲು ಹಾಕಿ ಕುಳಿತು ಎರಡೂ ಕೈಯಿಂದ ತಬ್ಬಿ ಹಿಡಿದಳು. ಪುಂಡಲೀಕಪ್ಪ ಗಾಡಿಯ ಹಿಂತುದಿಗೆ ಹೋಗಿ ಕುಳಿತ. ಏನೂ ಆಗಲಿಲ್ಲ. ಕಳಕವ್ವ ಪಕ್ಕದಲ್ಲಿ ಬಂದು ಕುಳಿತಳು. ಮೂಕಿ ಒಂದು ಗೇಣು ಅಲುಗಿತು. “ಗಂಟು ತರ್ರಿ” ಎಂದಳು ಕಳಕವ್ವ. ಹಾಸಿಗೆ ಬಂತು, ಗಡಿಗೆ ಬಂತು, ಮಳೆಯ ಕೊಪ್ಪೆ ಬಂತು. ಜೀವಮಾನವೆಲ್ಲ ತಕ್ಕಡಿಯ ಮುಂದೆ ಕುಳಿತಿದ್ದ ಪುಂಡಲೀಕಪ್ಪ ತಾನೇ ಒಂದು ತಟ್ಟೆಯೊಳಗೆ ಕುಳಿತಿದ್ದ.

“ಇನ್ನೂ ಒಂದೀಟ ಬೇಕು” ಎಂದ ಹುಲಗಪ್ಪ.

“ತಡೀರೋ, ನಾನೂ ಒಂದ ತೂಕ ಅದೀನಿ” ಎಂದು ಫಕ್ಕೀರವ್ವ ಮಗನ ಹೆಗಲು ಹಿಡಿದು ಹತ್ತಿ, ಮಗ ಸೊಸೆಯ ನಡುವೆ ತೂರಿ ಕುಳಿತಳು. ಹುಲಗಪ್ಪ ಹಿಂದಿನ ಹಲಗೆಗೆ ಜೋತುಬಿದ್ದ.

ಚಕ್ಕಡಿ ಒಂದು ನಿಟ್ಟುಸಿರು ಬಿಟ್ಟಂತೆ ಹಿಂದಕ್ಕೆ ವಾಲಿತು. ಮೂಕಿ ಎದ್ದಿತು. ದೇವವ್ವ “ಯಪ್ಪಾ!” ಎಂದಳು. ಆ ಕೂಗು ನೆಲದಿಂದ ಶುರುವಾಗಿ ಆಕಾಶದಲ್ಲಿ ಮುಗಿಯಿತು.

ಹಿಂದೆ ಕುಳಿತವರ ಬೆನ್ನು ಆಕೆಯ ಕಡೆಗಿತ್ತು. ಅವರಿಗೆ ಕಾಣುತ್ತಿದ್ದುದು ಏರಿಯ ಕೆಳಗಿನ ಕತ್ತಲೆ, ಎತ್ತುಗಳ ಬಿಳಿ ಬೆನ್ನು, ತುಂಬಲು ಇನ್ನೂ ಸ್ವಲ್ಪ ಉಳಿದಿದ್ದ ಚಂದ್ರನ ಬೆಳಕು ಬಿದ್ದ ನೀರು. ಕಾಲುಗಳನ್ನು ಊರಿ, ಮೈ ಬಿಗಿಹಿಡಿದು ಕುಳಿತಿದ್ದರು. ಒಬ್ಬರು ಅಲುಗಿದರೂ ಸಾಕು.

“ಕಾಣತೈತೇನವ್ವಾ?” ಪುಂಡಲೀಕಪ್ಪ ನೀರಿನ ಕಡೆ ನೋಡುತ್ತ ಕೂಗಿ ಕೇಳಿದ.

ಮೂಕಿ ಒಂದಿಷ್ಟು ತೂಗಾಡಿ ನಿಂತಿತು. ಆಮೇಲೆ, “ಕಾಣತೈತಪ್ಪಾ.”

“ತಿರಗತೈತೇನು?”

“ತಿರಗತೈತಿ. ಬಳಿಯಷ್ಟ ಐತಿ. ಬೆಳಕಿನ ಬಳಿ.”

“ಜಗ್ಗಿ ಮಂದಿ ಅದಾರೇನ ಅದರಾಗ?” ಎಂದಳು ಫಕ್ಕೀರವ್ವ.

“ಇಷ್ಟ ದೂರದಿಂದ ಮಂದಿ ಕಾಣತಾರೇನ ಆಯಿ!” ದೇವವ್ವ ನಕ್ಕಳು. ನಗು ಮೂಕಿಯ ಗುಂಟ ಇಳಿದು ಬಂದು ಹಲಗೆಯಲ್ಲಿ ಅದುರಿತು. ಕುಳಿತ ಮೂವರಿಗೂ ತಾಗಿತು.

ಸ್ವಲ್ಪ ಹೊತ್ತಿಗೆ ಭಾರ ಒಂದಿಷ್ಟು ಸರಿದಂತಾಯಿತು. ಆಕೆ ಮೇಲೆ ಹೊರಳಿ ಕುಳಿತಿರಬೇಕು. ಜೋತುಬಿದ್ದಿದ್ದ ಹುಲಗಪ್ಪ ಕತ್ತು ವಾರೆ ಮಾಡಿ ನೋಡಿ, “ಮೂಡಣಕ್ಕ ಮುಖ ಮಾಡ್ಯಾಳ” ಎಂದು ಪಿಸುಗುಟ್ಟಿದ. ಆ ಕಡೆ ಪ್ರದರ್ಶನವಿರಲಿಲ್ಲ, ದೀಪವಿರಲಿಲ್ಲ. ಕಪ್ಪತಗುಡ್ಡ, ಅದರ ಹಿಂದೆ ಮುಂಡರಗಿ, ಅದರಾಚೆ ಹೊಳೆ.

“ಅಲ್ಲೇನ ಕಾಣತೈತವ್ವಾ?” ಎಂದು ಕೇಳಿದ ಪುಂಡಲೀಕಪ್ಪ.

ಉತ್ತರ ಬರಲಿಲ್ಲ. ಅವನು ಇನ್ನೊಂದು ಸಲ ಕೇಳಲಿಲ್ಲ. ಹಗಲಿನ ಜೋಮು ಆ ಕಾಲಿಗೇ ಮತ್ತೆ ಏರುತ್ತಿತ್ತು. ಒದ್ದೆಯಿದ್ದ ಗಾಲಿಯಿಂದ ಒಂದೊಂದೇ ಹನಿ ಬೀಳುವುದು ಕೇಳುತ್ತಿತ್ತು.

“ಇಳಿಸೂಣೇನ್ರಿ?” ಎಂದಳು ಕಳಕವ್ವ, ಉಸಿರಿನಷ್ಟು ಮೆಲ್ಲಗೆ.

ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಕೈಗಳನ್ನು ಹಿಂದಿನ ಹಲಗೆಗೆ ಊರಿ, ಇನ್ನೂ ಒಂದಿಷ್ಟು ಹಿಂದಕ್ಕೆ ಸರಿದು ಕುಳಿತ.